ಸೋಡಾ ಬೇಡ, ಹಿಂದಿನ ದಿನ ಬೇಕು

ಹಬ್ಬದ ಸಿಹಿ ಒಲೆಯ ಮೇಲೆ ಕೆಡುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ಕೆಡುವುದು ಹಿಂದಿನ ದಿನವೇ. ನೆನೆಹಾಕಲು ಮರೆತ ಅಕ್ಕಿಯಲ್ಲಿ, ಸೋಸದೆ ಬಿಟ್ಟ ಬೆಲ್ಲದಲ್ಲಿ, ಬೆಳ್ಳುಳ್ಳಿ ವಾಸನೆ ಹೋಗದ ಮಿಕ್ಸಿ ಜಾರಿನಲ್ಲಿ. ಒಲೆ ಹಚ್ಚುವ ಹೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ.

ಈ ಮಾತನ್ನು ಧರ್ಮದ ಕಟ್ಟಳೆಯನ್ನಾಗಿಯೇ ಮಾಡಿಕೊಂಡವರು ಯಹೂದಿಗಳು. ಅವರ ಪಾಸೋವರ್ ಹಬ್ಬ ಶುರುವಾಗುವುದು ಹೆಚ್ಚಾಗಿ ನಮ್ಮ ಚೈತ್ರ ಹುಣ್ಣಿಮೆಯ ಆಸುಪಾಸಿನಲ್ಲಿ. 2024, 2025ರಲ್ಲಿ ಎರಡೂ ಒಟ್ಟಿಗೇ ಬಂದವು. ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಂದ ಮಾಡಿದ, ಹುದುಗು ಬಂದ ಯಾವ ತಿಂಡಿಯೂ ಆ ದಿನಗಳಲ್ಲಿ ಮನೆಯೊಳಗೆ ಇರಕೂಡದು. ಹಬ್ಬದ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಮೂಲೆಮೂಲೆ ಹುಡುಕಿ, ಬ್ರೆಡ್ಡಿನ ಚೂರು ಸಿಕ್ಕರೂ ಹಕ್ಕಿಯ ಗರಿಯಿಂದ ಗುಡಿಸಿ ಮರದ ಚಮಚಕ್ಕೆ ತೆಗೆಯುತ್ತಾರೆ. ಮಾತ್ಸಾ ಎಂಬ ತೆಳು ರೊಟ್ಟಿಯ ಹಿಟ್ಟಿಗೆ ನೀರು ಸೋಕಿದ 18 ನಿಮಿಷದೊಳಗೆ ಅದು ಬೆಂದಿರಬೇಕು. ಹಬ್ಬದ ಸಿಹಿಗಳೂ ಇದೇ ಕಟ್ಟಿನೊಳಗೆ ಹುಟ್ಟಿದವು. ಉಬ್ಬಿಸುವ ಪುಡಿಯ ಹಂಗಿಲ್ಲದೆ ಬಾದಾಮಿ, ಕೊಬ್ಬರಿ, ಖರ್ಜೂರ, ಮೊಟ್ಟೆಗಳಲ್ಲೇ ರುಚಿ ತೆಗೆಯುತ್ತಾರೆ.

ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳೆಯ ಹಬ್ಬದಡುಗೆಯೂ ಹೀಗೆಯೇ. ಸೋಡಾ ಇಲ್ಲ, ಈಸ್ಟ್ ಇಲ್ಲ, ಓವನ್ ಇಲ್ಲ. ಸೊರಬದ ಪಡುವಣ ಭಾಗ ಅಕ್ಕಿ, ಅಡಿಕೆ, ಜೋನಿಬೆಲ್ಲದ ಸೀಮೆ. ಶಿಕಾರಿಪುರ ದಾಟಿ ಶಿರಾಳಕೊಪ್ಪದ ಕಡೆ ಹೊರಟರೆ ಬಯಲು ಕಡೆಯ ಹಿರೇಕೆರೂರಿನ ಗಾಳಿ ಬೀಸುತ್ತದೆ. ಅಲ್ಲಿ ಬೇಳೆ, ಶೇಂಗಾ, ಎಳ್ಳು. ಹಬ್ಬಕ್ಕೆ ಊರಿಗೆ ಬಂದು ಅಡುಗೆಮನೆಗೆ ಕೈಹಾಕುವ ಹೊಸಬರಿಗೆ, ಊರಿಗೆ ಬರಲಾಗದೆ ಬೆಂಗಳೂರಿನ ಫ್ಲ್ಯಾಟಿನಲ್ಲೇ ಹೊಂದಿಸಿಕೊಳ್ಳುವವರಿಗೆ ಈ ಸೂತ್ರಗಳು.

1. ಡಬ್ಬಿ ತೊಳೆದ ಮೇಲೆ ಬೆಲ್ಲ ತನ್ನಿ

ಸಿಹಿ ಮಾಡುವ ಮುಂಚಿನ ದಿನ ಮಿಕ್ಸಿ ಜಾರು, ಒರಳು, ಜರಡಿ, ಸೌಟು ಎಲ್ಲವನ್ನೂ ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ. ಜಾರಿನ ಅಡಿಯ ರಬ್ಬರ್ ವಾಷರನ್ನು ಬಿಚ್ಚಿ ಮೂಸಿ ನೋಡಿ, ನಿನ್ನೆಯ ಚಟ್ನಿ ಅಲ್ಲೇ ಕೂತಿರುತ್ತದೆ. ಇಂಗು, ಬೆಳ್ಳುಳ್ಳಿ ತಾಗಿದ ಹೂರಣಕ್ಕೆ ಎಷ್ಟು ಏಲಕ್ಕಿ ಸುರಿದರೂ ಪ್ರಯೋಜನವಿಲ್ಲ. ಮೇಣದ ಬತ್ತಿ ಹಿಡಿದು ಹುಡುಕುವಷ್ಟು ಬೇಡ, ಮೂಗು ಹಿಡಿದು ಹುಡುಕಿದರೆ ಸಾಕು.

2. ಬೆಲ್ಲ ಬೆಳ್ಳಗಿದ್ದಷ್ಟೂ ಅನುಮಾನಪಡಿ

ಹಳದಿ ಹೊಳಪಿನ ಬೆಲ್ಲ ಅಂಗಡಿಯಲ್ಲಿ ಚಂದ ಕಾಣುತ್ತದೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ್ದರೆ ಆ ಬೆಲ್ಲಕ್ಕೆ ಒಂದು ಬಗೆಯ ಸಪ್ಪೆತನ ಬರುತ್ತದೆ. ಕಂದು ಬಣ್ಣದ್ದೇ ಇರಲಿ. ಯಾವ ಬೆಲ್ಲವಾದರೂ ಸ್ವಲ್ಪ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕಾಯಿಸಿಯೇ ಬಳಸಿ. ಬೆಲ್ಲದೊಳಗಿನ ಮರಳಿನ ಒಂದು ಹರಳು ಹಲ್ಲಿಗೆ ಸಿಕ್ಕರೆ ಇಡೀ ಹೋಳಿಗೆಯ ಮರ್ಯಾದೆ ಹೋಗುತ್ತದೆ.

ಜೋನಿಬೆಲ್ಲ ಬೇಕಿದ್ದರೆ ಆಲೆಮನೆಯ ಕಾಲದಲ್ಲೇ, ಅಂದರೆ ಸಂಕ್ರಾಂತಿ ಕಳೆದು ಶಿವರಾತ್ರಿಯವರೆಗಿನ ದಿನಗಳಲ್ಲೇ, ತಂದಿಟ್ಟುಕೊಳ್ಳಿ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಅಚ್ಚಿಗೆ ಬರುವ ಹದಕ್ಕೆ ಮುಂಚೆಯೇ ಇಳಿಸಿದರೆ ಜೋನಿ. ನಾಲ್ಕಾರು ತಿಂಗಳಲ್ಲಿ ಡಬ್ಬಿಯ ತಳದಲ್ಲಿ ಹರಳು ಕಟ್ಟುತ್ತದೆ. ಅದು ಕೆಟ್ಟದ್ದಲ್ಲ, ಮಕ್ಕಳು ಕದ್ದು ತಿನ್ನುವುದೇ ಆ ಹರಳನ್ನು. ಆದರೆ ಮೇಲೆ ನೊರೆ ಎದ್ದು ಹುಳಿ ವಾಸನೆ ಬಂದಿದ್ದರೆ ಅದು ಹುದುಗಿದೆ ಅಂತ ಲೆಕ್ಕ. ಹಬ್ಬಕ್ಕೆ ಅದನ್ನು ಮುಟ್ಟಬೇಡಿ. ಒದ್ದೆ ಚಮಚ ಹಾಕಿದವರು ಯಾರೆಂದು ಮನೆಯಲ್ಲಿ ವಿಚಾರಣೆ ಆಮೇಲೆ ಮಾಡಬಹುದು.

3. ಅಕ್ಕಿಯ ವಯಸ್ಸು ಕೇಳಿ

ಹೊಸ ಅಕ್ಕಿ ಅಂಟು, ಹಳೆ ಅಕ್ಕಿ ಬಿಡಿ. ಕಡುಬಿಗೆ, ತೊಡೆದೇವಿಗೆ ಒಂದು ವರ್ಷವಾದರೂ ಕಳೆದ ಅಕ್ಕಿ ಇರಲಿ. ಹೊಸದೇ ಗತಿಯಾದರೆ ನೀರು ಕಡಿಮೆ ಮಾಡಿ. ಅಳತೆ ಪುಸ್ತಕದ್ದು, ನೀರು ಅಕ್ಕಿಯದ್ದು.

4. ತೊಡೆದೇವಿಗೆ ಹಿಟ್ಟಿಗಿಂತ ಬೆಂಕಿ ಮುಖ್ಯ

ಪಾಸೋವರಿನ ಮಾತ್ಸಾಕ್ಕೆ ನಮ್ಮಲ್ಲಿ ತೀರಾ ಹತ್ತಿರದ ನೆಂಟ ಯಾರೆಂದರೆ ತೊಡೆದೇವು. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹವ್ಯಕರ ಮನೆಗಳ ಈ ಸಿಹಿ ಸೊರಬದ ಆ ಗಡಿಯ ಹಳ್ಳಿಗಳಲ್ಲೂ ಉಂಟು. ಅಕ್ಕಿ, ಕಬ್ಬಿನ ಹಾಲು ಇಲ್ಲವೇ ಜೋನಿ, ಚಿಟಿಕೆ ಉಪ್ಪು, ಏಲಕ್ಕಿ. ಕೆಲವರು ಬಣ್ಣಕ್ಕೆ ಅರಿಶಿನ ಸೋಕಿಸುತ್ತಾರೆ. ಸಾಮಾನು ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ಬೆಳಕು ಹಾಯುವಷ್ಟು ತೆಳುವಾದ, ಬಾಯಿಗಿಟ್ಟರೆ ಮುರಿಯುವ ಹಾಳೆಯನ್ನು ಎಬ್ಬಿಸಬೇಕು.

ಅಕ್ಕಿಯನ್ನು ರಾತ್ರಿಯೇ ನೆನೆಸಿ, ಬೆಳಿಗ್ಗೆ ನೀರು ಬಸಿದು, ಬೆರಳ ನಡುವೆ ತರಿ ಸಿಗದಷ್ಟು ನುಣ್ಣಗೆ ರುಬ್ಬಿ. ರುಬ್ಬಿದ್ದನ್ನು ಬಟ್ಟೆಯಲ್ಲಿ ಸೋಸಿದರೆ ಇನ್ನೂ ಒಳ್ಳೆಯದು. ನೀರಿನ ಬದಲು ಕಬ್ಬಿನ ಹಾಲಲ್ಲಿ ತೆಳ್ಳಗೆ ಮಾಡಿ. ಸೌಟಿನ ಬೆನ್ನಿಗೆ ಹಚ್ಚಿ ಬೆರಳಲ್ಲಿ ಗೆರೆ ಎಳೆದರೆ ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಳ್ಳಬೇಕು. ನಿಂತೇ ಬಿಟ್ಟರೆ ದಪ್ಪ, ನಿಲ್ಲದಿದ್ದರೆ ನೀರು. ರುಬ್ಬಿದ ಹಿಟ್ಟನ್ನು ಮಧ್ಯಾಹ್ನದವರೆಗೆ ಇಡುವ ಹಾಗಿಲ್ಲ. ಕಬ್ಬಿನ ಹಾಲು ಬೇಗ ಹುಳಿಯುತ್ತದೆ, ಹುಳಿತ ಹಿಟ್ಟು ಗಡಿಗೆಗೆ ಅಂಟುತ್ತದೆ. 18 ನಿಮಿಷದ ಗಡಿಯಾರ ನಮಗಿಲ್ಲದಿದ್ದರೂ ಆತುರ ಅದೇ.

ಇನ್ನು ಗಡಿಗೆ. ಹೊಟ್ಟೆ ಅಗಲವಾದ, ಮೈ ನುಣುಪಾದ ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕುತ್ತಾರೆ. ಉರಿ ಒಳಗೆ, ಬೇಯುವುದು ಹೊರಮೈಮೇಲೆ. ಹೊಸ ಗಡಿಗೆಯನ್ನು ಹಬ್ಬದ ದಿನವೇ ಮೊದಲ ಸಲ ಒಲೆಗೇರಿಸಬೇಡಿ, ಒಡೆಯುತ್ತದೆ. ಮುಂಚೆಯೇ ಎಣ್ಣೆ ಹಚ್ಚಿ, ಸಣ್ಣ ಉರಿಯಲ್ಲಿ ಕಾಯಿಸಿ, ತಣಿಸಿ ಪಳಗಿಸಿಕೊಳ್ಳಿ. ಉರಿಗೆ ದಪ್ಪ ಕಟ್ಟಿಗೆ ಬೇಡ. ಒಂದೇ ಕಡೆ ಕೆಂಪಗೆ ಕಾದು ಅಲ್ಲಿ ಸೀಯುತ್ತದೆ, ಪಕ್ಕದಲ್ಲಿ ಹಸಿ ಉಳಿಯುತ್ತದೆ. ಅಡಿಕೆ ಹಾಳೆ, ತೆಂಗಿನ ಸಿಪ್ಪೆಯ ಹಗುರ ಉರಿಯೇ ಸರಿ. ಗಡಿಗೆ ಹದವಾಗಿ ಕಾದಿದೆಯೋ ಎಂದು ನೋಡಲು ನೀರು ಚಿಮುಕಿಸಿ: ಚುಂಯ್ ಎಂದು ತಕ್ಷಣ ಆರಿದರೆ ಸಾಕು, ಹನಿ ಸಿಡಿದು ಹಾರಿದರೆ ಬೆಂಕಿ ಹಿಂದಕ್ಕೆಳೆಯಿರಿ.

ಹಳೆಯ, ಒಗೆದೊಗೆದು ಮೆತ್ತಗಾದ ಹತ್ತಿಬಟ್ಟೆಯ ತುಂಡನ್ನು ಹಿಟ್ಟಿನಲ್ಲಿ ಅದ್ದಿ, ಎರಡು ಕೈಯಲ್ಲಿ ಹಿಡಿದು, ಗಡಿಗೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ಕೈ ನಿಂತರೆ ಅಲ್ಲೊಂದು ಗಂಟು. ಹೊಸ ಬಟ್ಟೆ ತಗೊಂಡರೆ ಗಂಜಿ ಬಿಡುತ್ತದೆ, ನಾರು ಬಿಡುತ್ತದೆ, ಬೇಡ. ಹಿಟ್ಟು ಸೋಕುತ್ತಿದ್ದಂತೆ ಬೇಯುತ್ತದೆ, ಅಂಚು ತಾನೇ ಎದ್ದು ನಿಲ್ಲುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ಮಡಚಿ. ಆರಿದ ಮೇಲೆ ಮಡಚಲು ಹೋದರೆ ಪುಡಿ ಸಿಗುತ್ತದೆ. ಅದಕ್ಕೇ ಇದು ಒಬ್ಬರ ಕೆಲಸವಲ್ಲ. ಎಳೆಯಲು ಒಬ್ಬರು, ಮಡಚಲು ಒಬ್ಬರು, “ಬೆಂಕಿ ಸಲ್ಪ ಹಿಂದೆ ಮಾಡೇ ತಂಗಿ” ಅನ್ನಲು ಪಕ್ಕದಲ್ಲಿ ಒಬ್ಬ ದೊಡ್ಡಮ್ಮ.

ಮೊದಲ ನಾಲ್ಕೈದು ಹರಿದೇ ಹರಿಯುತ್ತವೆ. ಹರಿದವನ್ನು ಲೆಕ್ಕಕ್ಕಿಡಬೇಡಿ, ಅವು ಗಡಿಗೆಯ ಪಾಲು. ಫ್ಲ್ಯಾಟಿನಲ್ಲಿರುವವರು ಬಾಣಲೆಯನ್ನು ಗ್ಯಾಸ್ ಒಲೆಯ ಮೇಲೆ ಬೋರಲು ಹಾಕಿ ಪ್ರಯತ್ನಿಸಬಹುದು. ದಪ್ಪ ಬರುತ್ತದೆ, ಸಿಹಿ ಬರುತ್ತದೆ, ಗಡಿಗೆಯ ಪರಿಮಳ ಬರುವುದಿಲ್ಲ. ತಿನ್ನುವಾಗ ಮೇಲೆ ತುಪ್ಪ, ಜತೆಗೆ ಬಿಸಿ ಹಾಲು; ಹಣ್ಣಿನ ಕಾಲವಾದರೆ ಮಾವಿನ ಹಣ್ಣಿನ ರಸಾಯನ.

5. ಯುಗಾದಿ ಹೋಳಿಗೆಯಲ್ಲಿ ನೀರಿನ ಲೆಕ್ಕ ಬಿಗಿಯಾಗಿರಲಿ

ಹೋಳಿಗೆ ಹರಿಯುವುದಕ್ಕೆ ಕಣಕವನ್ನು ಬೈಯುತ್ತೇವೆ, ತಪ್ಪು ಬೇಳೆಯದ್ದು. ಕಡಲೆಬೇಳೆ ಹಿಸುಕಿದರೆ ಮುರಿಯಬೇಕು, ಕರಗಬಾರದು. ಬೆಂದ ತಕ್ಷಣ ಕಟ್ಟನ್ನು ಪೂರ್ತಿ ಬಸಿಯಿರಿ. ಹೋಳಿಗೆ ಸಾರಿಗೆ ಅದು ಬೇಕೇ ಬೇಕು. ಒಂದು ಲೋಟ ಬೇಳೆಗೆ ಮುಕ್ಕಾಲರಿಂದ ಒಂದು ಲೋಟ ಪುಡಿಬೆಲ್ಲ. ಬೆಲ್ಲ ಹಾಕಿದ ಮೇಲೆ ಹೂರಣ ಸಡಿಲವಾಗುತ್ತದೆ, ಹೆದರದೆ ಮಗುಚುತ್ತಾ ಇರಿ, ಸೌಟು ನೆಟ್ಟಗೆ ನಿಲ್ಲುವವರೆಗೆ. ಬಿಸಿಯಿರುವಾಗಲೇ ರುಬ್ಬಿ. ತಣಿದ ಬೇಳೆ ನುಣ್ಣಗಾಗುವುದಿಲ್ಲ.

ಕಣಕಕ್ಕೆ ಎಣ್ಣೆಯಲ್ಲಿ ಕಂಜೂಸುತನ ಬೇಡ, ಎರಡು ಗಂಟೆ ನೆನೆಯಲು ಬಿಡಿ. ಕಾವಲಿಯ ಮೇಲೆ ಹೋಳಿಗೆ ಉಬ್ಬುವುದು ಹೂರಣದ ಹಬೆಯಿಂದ, ಸೋಡಾದಿಂದಲ್ಲ. ಮಾತ್ಸಾ ಮಾಡುವವರು ಹಿಟ್ಟಿಗೆ ಸಾಲಾಗಿ ತೂತು ಚುಚ್ಚುವುದು ಒಳಗಿನ ಹಬೆ ಉಬ್ಬಿಸದಿರಲಿ ಎಂದೇ. ನಮಗೆ ಉಬ್ಬಿದರೆ ಸಂತೋಷ. ಆದ್ದರಿಂದ ಕಾವಲಿಯ ಮೇಲೆ ಹಾಕಿ ಸಟ್ಟುಗದಿಂದ ಚುಚ್ಚುವ, ಒತ್ತುವ ಚಟ ಬಿಡಿ.

6. ಭೂಮಿ ಹುಣ್ಣಿಮೆಯ ಕಡುಬಿಗೆ ನೀರು ಹಾಕಬೇಡಿ

ಆಶ್ವಯುಜದ ಹುಣ್ಣಿಮೆ ಸೊರಬ, ಸಾಗರ ಸೀಮೆಯಲ್ಲಿ ಭೂಮಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುವ ಹೊತ್ತು; ಬಸುರಿ ಭೂಮಿತಾಯಿಗೆ ಬಯಕೆಯೂಟ. ದೀವರ ಸಮುದಾಯದ ಮನೆಗಳಲ್ಲಿ ಇದರ ತಯಾರಿ ಮಹಾನವಮಿಯಿಂದಲೇ ಶುರು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಆರಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆಗೆರೆಯಾಗಿ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿ ಸಿದ್ಧಮಾಡುತ್ತಾರೆ. ಅಡುಗೆ ಮಾತ್ರ ಹುಣ್ಣಿಮೆಯ ಹಿಂದಿನ ರಾತ್ರಿ. ಕಾಡು, ಹಿತ್ತಲು ಸುತ್ತಿ ತಂದ ಬಗೆಬಗೆಯ ಸೊಪ್ಪು ಬೇಯಬೇಕು, ಕಡುಬು ಬೇಯಬೇಕು, ಸೂರ್ಯ ಹುಟ್ಟುವ ಮುಂಚೆ ಬುಟ್ಟಿ ಗದ್ದೆಗೆ ಹೊರಡಬೇಕು. ಇಂಥ ರಾತ್ರಿಯಲ್ಲಿ “ಅಯ್ಯೋ ತೆಂಗಿನಕಾಯಿ ತುರಿದಿಲ್ಲ” ಅನ್ನುವವರು ಯಾರಿಗೂ ಬೇಡವಾಗುತ್ತಾರೆ. ಕಾಯಿ ತುರಿ, ಬೆಲ್ಲದ ಪುಡಿ, ಹುರಿದ ಅಕ್ಕಿತರಿ, ಒರೆಸಿದ ಬಾಳೆಲೆ ಸಂಜೆಗೇ ಸಾಲಾಗಿ ಸಿದ್ಧವಿರಲಿ.

ಸೌತೆಕಾಯಿ ಕಡುಬಿಗೆ ಬಲಿತ ಕಾಯಿ ಬೇಕು, ಸಾಲಡ್ಡಿನ ಎಳೆಕಾಯಿ ಅಲ್ಲ. ಸಿಪ್ಪೆ, ಬೀಜ, ಬೀಜದ ಸುತ್ತಲಿನ ತಿರುಳು ತೆಗೆದು ತುರಿಯಿರಿ. ತುದಿಯ ಚೂರು ಬಾಯಿಗೆ ಹಾಕಿ ಕಹಿ ನೋಡುವುದನ್ನು ಮರೆತರೆ ಇಡೀ ಕಡುಬಿಗೇ ಕಹಿ. ಎರಡು ಲೋಟ ತುರಿಗೆ ಸುಮಾರು ಒಂದು ಲೋಟ ತರಿ, ರುಚಿಗೆ ಬೆಲ್ಲ, ಹಿಡಿ ಕಾಯಿತುರಿ, ಉಪ್ಪು, ಏಲಕ್ಕಿ. ಕಲಸಿ ಮುಚ್ಚಿಡಿ. ಮೊದಲಿಗೆ ಒಣಗಿದಂತೆ ಕಾಣುತ್ತದೆ, ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತದೆ, ತಡೆಯಿರಿ. ಅರ್ಧ ಗಂಟೆಯಲ್ಲಿ ಸೌತೆಕಾಯಿಯೂ ಬೆಲ್ಲವೂ ನೀರು ಬಿಟ್ಟು ತರಿ ಕುಡಿದುಕೊಳ್ಳುತ್ತದೆ. ಆಮೇಲೂ ತೀರಾ ಉದುರಾಗಿದ್ದರೆ ಎರಡು ಚಮಚ ಕಾಯಿಹಾಲು.

ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸಿಕೊಂಡರೆ ಮಡಚುವಾಗ ಸೀಳುವುದಿಲ್ಲ. ಅರಿಶಿನದ ಎಲೆ ಸಿಕ್ಕರೆ ಅದರ ಘಮವೇ ಬೇರೆ. ನೀರು ಕುದಿ ಬಂದ ಮೇಲೆಯೇ ಕಡುಬನ್ನು ಹಬೆಯ ಅಟ್ಟಕ್ಕೆ ಇಡಿ, ಮುಕ್ಕಾಲು ಗಂಟೆ ಮುಚ್ಚಳ ತೆಗೆಯಬೇಡಿ. ಆರುವ ಮುಂಚೆ ಎಲೆ ಬಿಚ್ಚಿದರೆ ಅರ್ಧ ಕಡುಬು ಎಲೆಯ ಜತೆ ಹೋಗುತ್ತದೆ.

7. ಪಂಚಮಿ ಉಂಡಿಗೆ ಶ್ರಾವಣದ ಥಂಡಿಯೇ ವೈರಿ

ಶಿಕಾರಿಪುರದ ಬಯಲು ಕಡೆಯ ಊರುಗಳಲ್ಲಿ ನಾಗರ ಪಂಚಮಿ ಎಂದರೆ ಜೋಕಾಲಿ, ಉಂಡಿ. ಶೇಂಗಾ, ಎಳ್ಳು, ಪುಟಾಣಿ, ರವೆ, ಮನೆಗೆ ನಾಲ್ಕು ಬಗೆ. ಹೊರಗೆ ಮಳೆ ಹಿಡಿದಿರುತ್ತದೆ, ಹುರಿದದ್ದೆಲ್ಲ ಗಂಟೆಯೊಳಗೆ ಮೆತ್ತಗಾಗುತ್ತದೆ. ಪ್ರತಿಯೊಂದನ್ನೂ ಬೇರೆಬೇರೆ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಿಗೆ ಹಾಕಿ. ಬಿಸಿ ಇದ್ದಾಗಲೇ ಮುಚ್ಚಿದರೆ ಬೆವರುತ್ತದೆ.

ಪಾಕದ ಹದಕ್ಕೆ ತಟ್ಟೆಯಲ್ಲಿ ನೀರಿಟ್ಟುಕೊಂಡು ಒಂದು ಹನಿ ಬಿಡಿ. ಹರಿದರೆ ಇನ್ನೂ ಕಾಯಲಿ. ಬೆರಳಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆಯಾದರೆ ಅದೇ ಹದ, ಒಲೆ ಆರಿಸಿ. ತಟ್ಟೆಗೆ ಬಡಿದರೆ ಟಣ್ ಅಂದರೆ ಅದು ಚಿಕ್ಕಿಯ ಪಾಕ. ಅದರಲ್ಲಿ ಉಂಡಿ ಕಟ್ಟಿದರೆ ಅಜ್ಜನಿಗೆ ಕೊಡುವ ಹಾಗಿಲ್ಲ. ಕಟ್ಟುವ ಕೈಗಳು ಜಾಸ್ತಿ ಇರಲಿ, ಪಾಕ ಯಾರಿಗೂ ಕಾಯುವುದಿಲ್ಲ.

8. ಹೋರಿಯ ಕೊಬ್ಬರಿಯನ್ನು ಸುಮ್ಮನೆ ತುರಿಯಬೇಡಿ

ದೀಪಾವಳಿಯಿಂದಾಚೆಗೆ ಈ ಎರಡೂ ತಾಲ್ಲೂಕಿನಲ್ಲಿ ಹೋರಿ ಹಬ್ಬದ ಗದ್ದಲ. ಕೊಬ್ಬರಿ ಸರ ಕಟ್ಟಿದ ಹೋರಿ ಅಖಾಡದಲ್ಲಿ ನುಗ್ಗುತ್ತದೆ, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯುತ್ತಾರೆ. ಮನೆಗೆ ಬಂದ ಆ ಕೊಬ್ಬರಿಯಲ್ಲಿ ಪೌರುಷದ ಜತೆಗೆ ಧೂಳು, ಬೆವರು, ಬಣ್ಣವೂ ಇರುತ್ತದೆ. ಒದ್ದೆಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಒಣಗಿಸಿ, ಹೊರಗಿನ ಕಂದು ಸಿಪ್ಪೆ ಹೆರೆದು, ಒಂದು ಚೂರು ಜಗಿದು ನೋಡಿ. ಕಮಟು ಹಿಡಿದಿದ್ದರೆ ಅದು ಸಿಹಿಗೆ ಆಗುವುದಿಲ್ಲ.

ಪಾಸೋವರ್ ಮೇಜಿನ ಹೆಸರುವಾಸಿ ಸಿಹಿಗಳಲ್ಲಿ ಕೊಬ್ಬರಿ ಮಕರೂನ್ ಒಂದು. ಮೊಟ್ಟೆಯ ಬಿಳಿ, ಸಕ್ಕರೆ, ಕೊಬ್ಬರಿ ತುರಿ ಕಲಸಿ ಉಂಡೆ ಇಟ್ಟು ಹದ ಬಿಸಿಯಲ್ಲಿ ಬೇಯಿಸುವುದು. ಹಿಟ್ಟೇ ಇಲ್ಲದ್ದರಿಂದ ಹುದುಗಿನ ಭಯವಿಲ್ಲ. ಮೊಟ್ಟೆ ಹೊಗದ ಮನೆಗಳಲ್ಲಿ ಆ ಕೆಲಸವನ್ನು ಕೊಬ್ಬರಿ ಮಿಠಾಯಿ ಮಾಡುತ್ತದೆ. ಸಕ್ಕರೆ ಪಾಕ ಒಂದೆಳೆಗೆ ಬಂದಾಗ ತುರಿ ಹಾಕಿ, ಬಾಣಲೆಯ ಅಂಚಲ್ಲಿ ಬಿಳಿ ನೊರೆ ಕಾಣುತ್ತಿದ್ದಂತೆ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ಇನ್ನೊಂದು ನಿಮಿಷ ಇರಲಿ ಎಂದವರು ಪುಡಿ ತಿನ್ನುತ್ತಾರೆ.

9. ಹಾಲುಬಾಯಿಗೆ ಕೈ ಬದಲಿಸಿ, ಸೌಟು ನಿಲ್ಲಿಸಬೇಡಿ

ಅಕ್ಕಿ, ಕಾಯಿ ಒಟ್ಟಿಗೆ ರುಬ್ಬಿ, ಸೋಸಿ, ಬೆಲ್ಲದ ಜತೆ ಮಗುಚಿ, ತಳ ಬಿಟ್ಟು ಬರುವಾಗ ತುಪ್ಪ ಹಾಕಿ ತಟ್ಟೆಗೆ. ಸೋಸುವುದನ್ನು ತಪ್ಪಿಸಿದರೆ ತರಿತರಿ. ಕೊಂಕಣ ಕರಾವಳಿಯಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಬೆನೆ ಇಸ್ರೇಲ್ ಯಹೂದಿಗಳು ಗೋಧಿಯ ಹಾಲು, ತೆಂಗಿನ ಹಾಲು ಸೇರಿಸಿ ಇದೇ ಬಗೆಯ ಹಲ್ವಾವನ್ನು ತಮ್ಮ ಹೊಸ ವರ್ಷದ ಹಬ್ಬಕ್ಕೆ ಮಾಡುತ್ತಾರೆ. ಮಾಂಸದೂಟದ ಜತೆ ಹಸುವಿನ ಹಾಲು ಅವರಿಗೆ ನಿಷಿದ್ಧ, ತೆಂಗಿನ ಹಾಲಿಗೆ ಅಡ್ಡಿಯಿಲ್ಲ. ಮಗುಚುವ ತೋಳುನೋವು ಮಾತ್ರ ಎರಡೂ ಕಡೆ ಒಂದೇ.

10. ಉಪ್ಪು

ಯಾವ ಸಿಹಿಗೂ ಒಂದು ಚಿಟಿಕೆ. ವಾದ ಬೇಡ.

11. ಲೆಕ್ಕದಲ್ಲಿ ರಾತ್ರಿ ಬರುವವರನ್ನೂ ಸೇರಿಸಿ

ದೀಪಾವಳಿಯ ರಾತ್ರಿ ದೀಪ ಹಿಡಿದು, ಪದ ಹಾಡುತ್ತಾ ಅಂಟಿಗೆ ಪಂಟಿಗೆಯವರು ಬಾಗಿಲಿಗೆ ಬಂದಾಗ ಡಬ್ಬಿ ಬರಿದಾಗಿದ್ದರೆ ಮನೆಯವರಿಗೆ ಮುಖಭಂಗ. ಅವರ ಪಾಲು, ಕೆಲಸದವರ ಪಾಲು, ತವರಿಗೆ ಬಂದ ಮಗಳು ಕಟ್ಟಿಕೊಂಡು ಹೋಗುವ ಪಾಲು ಇವನ್ನು ಮೊದಲೇ ಎತ್ತಿಟ್ಟು ಉಳಿದದ್ದನ್ನು ಬಡಿಸಿ. ಬಡಿಸಿ ಉಳಿದದ್ದನ್ನು ಎತ್ತಿಡುತ್ತೇನೆ ಎಂದವರಿಗೆ ಏನೂ ಉಳಿದ ನೆನಪಿಲ್ಲ.

12. ಕಟ್ಟಿ ಕಳಿಸುವುದೂ ಅಡುಗೆಯ ಭಾಗ

ಬೆಂಗಳೂರು ಬಸ್ಸಿಗೆ ಕೊಡುವ ಡಬ್ಬಿಯಲ್ಲಿ ಉಂಡಿ ಕೆಳಗೆ, ಕೊಬ್ಬರಿ ಮಿಠಾಯಿ ಮೇಲೆ. ತೊಡೆದೇವಿಗೆ ಬೇರೆ ಡಬ್ಬಿ, ಅದರ ಮೇಲೆ ಇನ್ನೇನೂ ಬೇಡ. ಗಾಳಿಯಾಡದಂತೆ ಮುಚ್ಚಿದರೆ ತೊಡೆದೇವು ತಿಂಗಳುಗಟ್ಟಲೆ ಗರಿಗರಿ ಇರುತ್ತದೆ. ಹೋಳಿಗೆಯನ್ನು ಪೂರ್ತಿ ಆರಿಸಿ, ನಡುನಡುವೆ ಕಾಗದ ಇಟ್ಟು ಕಟ್ಟಿ. ಬೇಳೆ ಹೋಳಿಗೆ ಸೆಕೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ. ಸೌತೆಕಾಯಿ ಕಡುಬು ಅಷ್ಟೂ ತಾಳುವುದಿಲ್ಲ, ಅದನ್ನು ಬಸ್ಸಿಗೆ ಹಾಕಲೇಬೇಡಿ. ಬೇಕಾದವರು ಊರಿಗೇ ಬರಲಿ.